‘ಇದ್ರಲ್ಲಿ ಕನ್ನಡ ಬರಲ್ವಾ?’: 128×64 ಪರದೆಯ ಮೇಲೆ ಕನ್ನಡ ಮೂಡಿಸುವ ಪಾಠ

ಈ ಸಲದ ಸಂಚಿಕೆಗೆ ಏನಾದ್ರೂ ಬರೆದುಕೊಡು ಅಂತ ಸಂಘದವರು ಕೇಳಿದಾಗ, ಕವನ, ಪ್ರವಾಸಕಥನ ಯಾವುದೂ ನನ್ನ ಕೈಯಲ್ಲಿ ಆಗಲ್ಲ ಅಂದೆ. "ಹಾಗಾದ್ರೆ ನಿನಗೆ ಏನು ಬರುತ್ತೋ ಅದನ್ನೇ ಬರಿ" ಅಂದ್ರು. ನನಗೆ ಬರೋದು ಮೈಕ್ರೋಕಂಟ್ರೋಲರ್. ಹಾಗಾಗಿ ಗ್ರಾಫಿಕ್ ಎಲ್‌ಸಿಡಿಯನ್ನ ಮೈಕ್ರೋಕಂಟ್ರೋಲರ್‌ಗೆ ಜೋಡಿಸಿ, ಅದರ ಮೇಲೆ ಕನ್ನಡ ತರೋದು ಹೇಗೆ ಅಂತ ಬರೀತಿದ್ದೀನಿ. ಎಂಬೆಡೆಡ್ ಕೋರ್ಸ್ ತಗೊಂಡವರಿಗೆ ಇದು ನೇರವಾಗಿ ಕೆಲಸಕ್ಕೆ ಬರುತ್ತೆ. ಬೇರೆ ವಿಭಾಗದವರು ನಡುವಿನ ಎರಡು ಮೂರು ಭಾಗ ಬಿಟ್ಟು ಓದಿದ್ರೂ ಕಥೆ ತಪ್ಪಲ್ಲ.

ಮೋಟಾರ್ ಸುಟ್ಟ ಕಥೆ

ನಮ್ಮೂರು ಅರಸೀಕೆರೆ ತಾಲ್ಲೂಕಿನಲ್ಲಿದೆ. ತೆಂಗಿನ ತೋಟ, ಒಂದು ಬೋರ್‌ವೆಲ್. ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ ಬರುತ್ತೆ, ಅದರಲ್ಲೂ ಕೆಲವು ಸಲ ಒಂದು ಫೇಸ್ ಇರಲ್ಲ. ಮೂರರಲ್ಲಿ ಒಂದು ಫೇಸ್ ಇಲ್ಲದೆ ಮೋಟಾರ್ ಓಡಿದರೆ ಉಳಿದ ಎರಡರಲ್ಲಿ ಕರೆಂಟು ಜಾಸ್ತಿ ಹರಿದು, ಕಾಯಿಲ್ ಬಿಸಿಯಾಗಿ ಸುಟ್ಟುಹೋಗುತ್ತೆ. ಬಿ.ಇ. ಕೊನೆ ವರ್ಷ ನಾವು ನಾಲ್ಕು ಜನ ಸೇರಿ ಇದಕ್ಕೇ ಒಂದು ಪ್ರಾಜೆಕ್ಟ್ ಮಾಡಿದ್ವಿ. ಮೂರೂ ಫೇಸ್ ಗಮನಿಸುವ ಒಂದು ಡಬ್ಬಿ, ಅದರ ಮುಖಕ್ಕೆ ಒಂದು 16×2 ಎಲ್‌ಸಿಡಿ. ಸಾಮಾನೆಲ್ಲ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ತಂದಿದ್ದು. ವೈವಾ ಚೆನ್ನಾಗಿ ಆಯ್ತು. ಡಬ್ಬಿ ನಮ್ಮ ಪಂಪ್‌ಹೌಸ್ ಸೇರಿತು.

ನಮ್ಮಪ್ಪ ಓದಿದ್ದು ಏಳನೇ ಕ್ಲಾಸು. ದಿನಪತ್ರಿಕೆ ಒಂದಕ್ಷರ ಬಿಡದೆ ಓದ್ತಾರೆ, ಆದ್ರೆ ಇಂಗ್ಲಿಷ್ ಬರಲ್ಲ. ಒಂದು ಬೇಸಿಗೆಯಲ್ಲಿ ಡಬ್ಬಿ ಇಂಗ್ಲಿಷ್ ಅಕ್ಷರದಲ್ಲಿ ‘ಪಿಎಚ್ ಫೇಲ್’ ಅಂತ ತೋರಿಸ್ತು. ಅಪ್ಪನಿಗೆ ಅದು ದಿನಾ ಬರೋ ಯಾವುದೋ ಬರಹದ ಥರಾನೇ ಕಾಣಿಸ್ತು. ಮೋಟಾರ್ ಆನ್ ಆಗ್ತಿಲ್ಲ ಅಂತ ಡಬ್ಬಿ ಬಿಟ್ಟು ಸ್ಟಾರ್ಟರ್ ನೇರ ಒತ್ತಿದ್ರು. ಕಾಯಿಲ್ ಸುಟ್ಟಿತು. ಪೈಪ್ ಎತ್ತಿಸಿ, ಮೋಟಾರ್ ಹೊರಗೆ ತೆಗೆದು, ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸೋ ಹೊತ್ತಿಗೆ ಹತ್ತು ದಿನ ತೋಟಕ್ಕೆ ನೀರಿಲ್ಲ. ಅಪ್ಪ ಬಯ್ಯಲಿಲ್ಲ. ಡಬ್ಬಿ ಕೈಯಲ್ಲಿ ಹಿಡಿದು ಒಂದೇ ಮಾತು ಕೇಳಿದ್ರು: "ಇದ್ರಲ್ಲಿ ಕನ್ನಡ ಬರಲ್ವೇನಪ್ಪ?"

"ಬರಲ್ಲ ಅಪ್ಪಾ, ಆ ಡಿಸ್‌ಪ್ಲೇನೇ ಹಂಗೆ" ಅಂದಿದ್ದೆ. ಅರ್ಧ ನಿಜ, ಅರ್ಧ ಸೋಮಾರಿತನ. ಅದೇ ಮಾತು ತಲೆಯಲ್ಲಿಟ್ಕೊಂಡು ಇಲ್ಲಿ ರಾಲಿಗೆ ಎಂ.ಎಸ್.ಗೆ ಬಂದೆ.

16×2ರಲ್ಲಿ ಯಾಕೆ ಆಗಲ್ಲ?

ನಾವೆಲ್ಲ ಲ್ಯಾಬ್‌ನಲ್ಲಿ ನೋಡಿರುವ 16×2 ಎಲ್‌ಸಿಡಿಗಳಲ್ಲಿ ಸಾಮಾನ್ಯವಾಗಿ ಇರೋದು ಹಿಟಾಚಿಯ ಎಚ್‌ಡಿ44780 ಕಂಟ್ರೋಲರ್, ಇಲ್ಲಾಂದ್ರೆ ಅದರದೇ ನಕಲು. ಅಕ್ಷರಗಳ ಆಕಾರ ಆ ಚಿಪ್‌ನ ಒಳಗೇ ಅಚ್ಚಾಗಿರುತ್ತೆ: ಇಂಗ್ಲಿಷ್ ಅಕ್ಷರ, ಅಂಕಿ, ಜೊತೆಗೆ ಜಪಾನಿನ ಕಟಕಾನಾ. ನಾವು ಕಳಿಸೋದು ಅಕ್ಷರದ ನಂಬರ್ ಮಾತ್ರ, ಚಿತ್ರ ಬರೆಯೋದು ಚಿಪ್. ನಮ್ಮದೇ ಆಕಾರ ಬೇಕು ಅಂದ್ರೆ 8 ಅಕ್ಷರಕ್ಕೆ ಮಾತ್ರ ಜಾಗ, ಒಂದೊಂದೂ 5×8 ಚುಕ್ಕೆ. ಅಕ್ಕಪಕ್ಕದ ಮನೆಗಳ ನಡುವೆ ಗೋಡೆಯಂಥ ಸಂದಿ ಬೇರೆ.

ಕನ್ನಡ ವರ್ಣಮಾಲೆಯಲ್ಲೇ 49 ಅಕ್ಷರ. ಅದಕ್ಕೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. 5 ಚುಕ್ಕೆ ಅಗಲದಲ್ಲಿ ‘ಕ’ ಬರೆದು ನೋಡಿ, ಅದು ‘ಕ’ನೋ ‘ಶ’ನೋ ಬರೆದವರಿಗೇ ಗೊತ್ತಾಗಲ್ಲ. ಅಪ್ಪನಿಗೆ ನಾನು ಹೇಳಿದ್ದರಲ್ಲಿ ನಿಜವಾದ ಅರ್ಧ ಇದು.

ಇಲ್ಲೊಂದು ಮಾತು ಗಮನಿಸಿ. 128×64 ಪರದೆಗಳಲ್ಲಿ ಎಸ್‌ಟಿ7920 ಅನ್ನೋ ಕಂಟ್ರೋಲರ್ ಇರುವ ಒಂದು ಬಗೆ ಇದೆ. ಅದರ ಒಳಗೆ 16×16 ಚುಕ್ಕೆಯ 8192 ಚೀನೀ ಅಕ್ಷರಗಳಿಗೆ ಜಾಗ ಕೊಟ್ಟಿದ್ದಾರೆ. ಜಪಾನಿನ ಚಿಪ್‌ನಲ್ಲಿ ಕಟಕಾನಾ ಇದೆ, ತೈವಾನಿನ ಚಿಪ್‌ನಲ್ಲಿ ಚೀನೀ ಇದೆ. ಪರದೆಗೆ ತಾನಾಗಿ ಯಾವ ಭಾಷೆಯೂ ಬರಲ್ಲ. ಯಾರೋ ಕೂತು ತಮ್ಮ ಅಕ್ಷರ ಅದರೊಳಗೆ ಇಟ್ಟಿದ್ದಾರೆ, ಅಷ್ಟೇ. ನಮ್ಮದನ್ನ ನಾವು ಇಡಬೇಕು.

ನಮ್ಮವರು ಇಂಥ ಪ್ರಯತ್ನ ಮಾಡಿಲ್ಲ ಅಂತಲ್ಲ. ಬೆಂಗಳೂರಿನ ಐಐಎಸ್‌ಸಿಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಇಂಜಿನಿಯರ್‌ಗಳು ಸೇರಿ 2000ದ ಸುಮಾರಿಗೆ ಸಿಂಪ್ಯೂಟರ್ ಅನ್ನೋ ಅಂಗೈಯಗಲದ ಕಂಪ್ಯೂಟರ್ ಮಾಡಿದ್ರು. ಅದರ ಪರದೆ 320×240 ಚುಕ್ಕೆಯ ಕಪ್ಪು-ಬಿಳುಪು ಎಲ್‌ಸಿಡಿ. ಇಂಗ್ಲಿಷ್ ಬಾರದವರೂ ಬಳಸುವಂತಿರಬೇಕು ಅನ್ನೋದೇ ಅದರ ಹಿಂದಿನ ಯೋಚನೆ. ನಮ್ಮ ಕೆಲಸ ಅದಕ್ಕಿಂತ ಎಷ್ಟೋ ಸಣ್ಣದು: ಹನ್ನೆರಡು ವಾಕ್ಯ ತೋರಿಸಿದರೆ ಸಾಕು.

ಪರದೆಯ ಒಳಗೆ ಏನಿದೆ?

ನಾನು ತಗೊಂಡಿದ್ದು ಕೆಎಸ್0108 ಕಂಟ್ರೋಲರ್ ಇರುವ 128×64 ಪರದೆ. ಇದರೊಳಗೆ ಯಾವ ಅಕ್ಷರವೂ ಇಲ್ಲ, ಬರೀ ಚುಕ್ಕೆ. ಒಟ್ಟು 8192 ಚುಕ್ಕೆ, ಅಂದ್ರೆ 1024 ಬೈಟ್.

ಮೊದಲು ಅರ್ಥ ಮಾಡ್ಕೊಳ್ಳಬೇಕಾದ್ದು ಇದು ಒಂದು ಪರದೆಯಲ್ಲ, ಎರಡು ಅನ್ನೋದು. ಎಡಗಡೆ 64 ಕಾಲಮ್‌ಗೆ ಒಂದು ಚಿಪ್, ಬಲಗಡೆ 64 ಕಾಲಮ್‌ಗೆ ಇನ್ನೊಂದು. ಯಾವುದಕ್ಕೆ ಮಾತಾಡ್ತಿದ್ದೀವಿ ಅಂತ ಸಿಎಸ್1, ಸಿಎಸ್2 ಪಿನ್‌ಗಳಿಂದ ಹೇಳಬೇಕು. ಪ್ರತಿ ಅರ್ಧವನ್ನೂ ಮೇಲಿಂದ ಕೆಳಗೆ 8 ಪಟ್ಟಿಗಳಾಗಿ ಭಾಗ ಮಾಡಿದ್ದಾರೆ. ಒಂದೊಂದು ಪಟ್ಟಿಗೂ ಪೇಜ್ ಅಂತ ಹೆಸರು, ಎತ್ತರ 8 ಚುಕ್ಕೆ. ನಾವು ಒಂದು ಬೈಟ್ ಬರೆದರೆ ಆ ಪೇಜ್‌ನಲ್ಲಿ ಒಂದು ಕಾಲಮ್‌ನ 8 ಚುಕ್ಕೆ ಉದ್ದುದ್ದಕ್ಕೆ ಮೂಡುತ್ತೆ. ಡಿ0 ಬಿಟ್ ಮೇಲೆ, ಡಿ7 ಕೆಳಗೆ. ಬರೆದ ಮೇಲೆ ಕಾಲಮ್ ತಾನಾಗೇ ಒಂದು ಮುಂದಕ್ಕೆ ಹೋಗುತ್ತೆ.

ಆಜ್ಞೆಗಳು ನಾಲ್ಕೇ. ಹೆಕ್ಸ್‌ನಲ್ಲಿ ಬರೆದರೆ:

3ಎಫ್: ಪರದೆ ಆನ್ (3ಇ ಅಂದ್ರೆ ಆಫ್).
ಸಿ0: ಮೇಲಿನ ಸಾಲಿನಿಂದಲೇ ಶುರು ಮಾಡು.
ಬಿ8 + ಪೇಜ್ ನಂಬರ್ (0ಯಿಂದ 7).
40 + ಕಾಲಮ್ ನಂಬರ್ (ದಶಮಾನದಲ್ಲಿ 0ಯಿಂದ 63).

ಆರ್‌ಎಸ್ ಪಿನ್ 0 ಇದ್ದರೆ ಕಳಿಸಿದ್ದು ಆಜ್ಞೆ, 1 ಇದ್ದರೆ ಚಿತ್ರದ ಬೈಟ್. ಇ ಪಿನ್ ಮೇಲೇರಿ ಕೆಳಗಿಳಿಯುವಾಗ ಚಿಪ್ ಅದನ್ನ ಒಳಗೆ ತಗೊಳ್ಳುತ್ತೆ. ಶುರುವಿನಲ್ಲಿ ಆರ್‌ಎಸ್‌ಟಿ ಪಿನ್ನನ್ನ ಸ್ವಲ್ಪ ಹೊತ್ತು 0 ಮಾಡಿ 1 ಮಾಡಬೇಕು. ಆಮೇಲೆ ಎರಡೂ ಅರ್ಧಕ್ಕೆ ಸಿ0 ಮತ್ತು 3ಎಫ್ ಕಳಿಸಬೇಕು. ಒಂದಕ್ಕೆ ಮಾತ್ರ ಕಳಿಸಿ ‘ಅರ್ಧ ಪರದೆ ಸತ್ತಿದೆ’ ಅಂತ ಎಸೆಯಬೇಡಿ!

ವೈರಿಂಗ್

ಇಲ್ಲಿ ನಮಗೆ ಎಸ್.ಪಿ. ರೋಡ್ ಇಲ್ಲ. ಮೈಕ್ರೋ ಸೆಂಟರ್ ಅಂಗಡಿ ಅಟ್ಲಾಂಟಾ ಕಡೆಯವರಿಗೆ ಮ್ಯಾರಿಯೆಟಾ ಮತ್ತು ಡುಲುತ್‌ನಲ್ಲಿ, ಡಿ.ಸಿ. ಕಡೆಯವರಿಗೆ ಫೇರ್‌ಫ್ಯಾಕ್ಸ್ ಮತ್ತು ರಾಕ್‌ವಿಲ್‌ನಲ್ಲಿ ಇದೆ. ಬ್ರೆಡ್‌ಬೋರ್ಡ್, ವೈರ್, ಸೋಲ್ಡರಿಂಗ್ ಸಾಮಾನಿಗೆ ಅದು ಸಾಕು. ಪರದೆಯನ್ನ ಆನ್‌ಲೈನ್ ತರಿಸೋದೇ ಸುಲಭ. ತರಿಸುವಾಗ ಕಂಟ್ರೋಲರ್ ಹೆಸರು ನೋಡಿ. ಕೆಎಸ್0108 ಮತ್ತು ಎಸ್‌ಟಿ7920 ಪರದೆಗಳು ನೋಡೋಕೆ ಅವಳಿ ಮಕ್ಕಳ ಹಾಗಿರುತ್ತೆ, ಎರಡಕ್ಕೂ ಸಾಮಾನ್ಯವಾಗಿ 20 ಪಿನ್, ಆದರೆ ಒಂದರ ಪ್ರೋಗ್ರಾಂ ಇನ್ನೊಂದಕ್ಕೆ ನಡೆಯಲ್ಲ.

ಎರಡು ಎಚ್ಚರಿಕೆ. ಒಂದು, ಪಿನ್ ಕ್ರಮ ಎಲ್ಲ ಮಾಡ್ಯೂಲ್‌ನಲ್ಲೂ ಒಂದೇ ಇರಲ್ಲ. ಕೆಲವದರಲ್ಲಿ 1ನೇ ಪಿನ್ ಗ್ರೌಂಡ್, ಕೆಲವದರಲ್ಲಿ 5 ವೋಲ್ಟ್. ಸಿಎಸ್ ಪಿನ್‌ಗಳೂ ಕೆಲವದರಲ್ಲಿ 1ಕ್ಕೆ ಕೆಲಸ ಮಾಡ್ತವೆ, ಕೆಲವದರಲ್ಲಿ 0ಗೆ. ನಿಮ್ಮ ಪರದೆಯದೇ ಡೇಟಾಶೀಟ್ ಓದಿ, ನೆಟ್‌ನಲ್ಲಿ ಸಿಕ್ಕ ಚಿತ್ರ ನಂಬಬೇಡಿ. ಎರಡು, ಕಾಂಟ್ರಾಸ್ಟ್. 16×2ಕ್ಕೆ ಪಾಟ್‌ನ ಎರಡು ಕಾಲನ್ನ 5 ವೋಲ್ಟ್ ಮತ್ತು ಗ್ರೌಂಡ್‌ಗೆ ಹಾಕಿ ರೂಢಿ. ಇದಕ್ಕೆ ನೆಗೆಟಿವ್ ವೋಲ್ಟೇಜ್ ಬೇಕು. ಬಹಳಷ್ಟು ಮಾಡ್ಯೂಲ್‌ಗಳು ಅದನ್ನ ತಾವೇ ತಯಾರಿಸಿ ವಿಇಇ ಪಿನ್‌ನಲ್ಲಿ ಕೊಡ್ತವೆ. ಅಂಥದ್ದಕ್ಕೆ 10 ಕೆ ಪಾಟ್‌ನ ಒಂದು ಕಾಲು 5 ವೋಲ್ಟ್‌ಗೆ, ಇನ್ನೊಂದು ವಿಇಇಗೆ, ನಡುವಿನದು ವಿಒ ಪಿನ್‌ಗೆ. ನಾನು ಹಳೆ ರೂಢಿಯಲ್ಲಿ ಗ್ರೌಂಡ್‌ಗೆ ಹಾಕಿ ಒಂದು ಇಡೀ ಶನಿವಾರ ಖಾಲಿ ಪರದೆ ನೋಡ್ತಾ ಕೂತಿದ್ದೆ. ಪ್ರೋಗ್ರಾಂ ಸರಿಯಾಗೇ ಇತ್ತು, ಕಾಣ್ತಿರಲಿಲ್ಲ ಅಷ್ಟೇ.

ನನ್ನ ಎರಡು ದೊಡ್ಡ ತಪ್ಪು

ಮೈಕ್ರೋಕಂಟ್ರೋಲರ್ ನಾನು ಊರಿಂದಲೇ ತಂದಿದ್ದ ಎಟಿಮೆಗಾ32. 5 ವೋಲ್ಟ್‌ನಲ್ಲಿ ಓಡುತ್ತೆ, ಪರದೆಗೂ ಅದೇ ಬೇಕು. ಡೇಟಾ ಪಿನ್‌ಗಳನ್ನ ಪೋರ್ಟ್ ಸಿಗೆ ಹಾಕಿದೆ. ಪರದೆ ತುಂಬ ಅರ್ಥವಿಲ್ಲದ ಪಟ್ಟೆ. ವೈರ್ ಬದಲಾಯಿಸಿದೆ, ಪರದೆ ಬದಲಾಯಿಸಿದೆ, ಅವೇ ಪಟ್ಟೆ. ಫೇರ್‌ಫ್ಯಾಕ್ಸ್‌ನಲ್ಲಿರೋ ನಮ್ಮ ಕಾಲೇಜಿನ ಸೀನಿಯರ್ ಅಕ್ಕ ವಿಡಿಯೋ ಕಾಲ್‌ನಲ್ಲಿ ನೋಡಿ, "ಪೋರ್ಟ್ ಸಿ ಅಲ್ವೇನೋ? ಜೆಟ್ಯಾಗ್ ಆಫ್ ಮಾಡಿದ್ಯಾ?" ಅಂದ್ರು. ಈ ಚಿಪ್ ಕಾರ್ಖಾನೆಯಿಂದ ಬರುವಾಗ ಜೆಟ್ಯಾಗ್ ಆನ್ ಇರುತ್ತೆ, ಅದು ಪೋರ್ಟ್ ಸಿಯ 2ರಿಂದ 5ರವರೆಗಿನ ನಾಲ್ಕು ಪಿನ್‌ಗಳನ್ನ ಹಿಡ್ಕೊಂಡಿರುತ್ತೆ. ಫ್ಯೂಸ್ ಬಿಟ್‌ನಲ್ಲಿ ಅದನ್ನ ತೆಗೀಬೇಕು. ಇಲ್ಲಾಂದ್ರೆ ಪ್ರೋಗ್ರಾಂನ ಶುರುವಿನಲ್ಲಿ ಎಂಸಿಯುಸಿಎಸ್‌ಆರ್ ರಿಜಿಸ್ಟರ್‌ನ ಜೆಟಿಡಿ ಬಿಟ್‌ಗೆ ಬೆನ್ನುಬೆನ್ನಿಗೆ ಎರಡು ಸಲ 1 ಬರೀಬೇಕು. ಎರಡು ಬರಹದ ನಡುವೆ 4 ಕ್ಲಾಕ್‌ಗಿಂತ ಹೆಚ್ಚು ಆಗಬಾರದು. ಒಂದೇ ಸಲ ಬರೆದರೆ ಚಿಪ್ ಲೆಕ್ಕಕ್ಕೆ ತಗೊಳ್ಳಲ್ಲ.

ಎರಡನೇದು ಇನ್ನೂ ಮಜಾ. 1 ಮೆಗಾಹರ್ಟ್ಸ್‌ನಲ್ಲಿ ಎಲ್ಲ ಸರಿ ಬಂತು. ನಿಧಾನ ಆಯ್ತು ಅಂತ 8ಕ್ಕೆ ಏರಿಸಿದೆ, ಅಕ್ಷರದ ಮಧ್ಯೆ ಚುಕ್ಕೆಗಳು ಉದುರಿಹೋದವು. ಕಾರಣ ಇ ಪಿನ್. ಅದು ಕನಿಷ್ಠ 450 ನ್ಯಾನೋಸೆಕೆಂಡ್ ಮೇಲಿರಬೇಕು ಅಂತ ಡೇಟಾಶೀಟ್ ಹೇಳುತ್ತೆ. ಪಿನ್ ಏರಿಸಿ ತಕ್ಷಣ ಇಳಿಸಿದರೆ 2 ಕ್ಲಾಕ್ ಸಮಯ ಮೇಲಿರುತ್ತೆ. 1 ಮೆಗಾಹರ್ಟ್ಸ್‌ನಲ್ಲಿ ಅದು 2000 ನ್ಯಾನೋಸೆಕೆಂಡ್, 8ರಲ್ಲಿ ಬರೀ 250. ಏರಿಸಿದ ಮೇಲೆ 1 ಮೈಕ್ರೋಸೆಕೆಂಡ್ ಕಾದು ಇಳಿಸಿದೆ, ಮುಂದಿನ ಬೈಟ್‌ಗೆ ಮೊದಲು ಡಿ7ರ ಬಿಜಿ ಬಿಟ್ ಓದಿ ಚಿಪ್ ಬಿಡುವಾಗಿದೆಯಾ ನೋಡಿದೆ. ಸರಿಹೋಯ್ತು. ನಿಧಾನಕ್ಕೆ ನಡೀತಿದೆ ಅಂದಮಾತ್ರಕ್ಕೆ ಪ್ರೋಗ್ರಾಂ ಸರಿ ಇದೆ ಅಂತ ಅರ್ಥ ಅಲ್ಲ.

ಸೊನ್ನೆಯಿಂದ ಶುರು

ಆ ಪರದೆ ಮೇಲೆ ನಾನು ತಂದ ಮೊದಲ ಕನ್ನಡ ಗುರುತು ಸೊನ್ನೆ, ಅಂದ್ರೆ ಅನುಸ್ವಾರ. ನೀವೂ ಮಾಡಿ ನೋಡಿ. ಪೇಜ್ 0, ಕಾಲಮ್ 0ಗೆ ಹೋಗಿ ಈ ಎಂಟು ಬೈಟ್ ಬರೀರಿ: 3ಸಿ, 42, 81, 81, 81, 81, 42, 3ಸಿ. ಒಂದು ದುಂಡನೆ ಉಂಗುರ ಬರುತ್ತೆ. ಚೌಕದ ಹಾಳೆ ಮೇಲೆ ಮೊದಲು ಬರೆದು, ಒಂದೊಂದು ಕಾಲಮ್‌ಗೂ ಬೈಟ್ ಲೆಕ್ಕ ಹಾಕಿ. ಒಂದು ಸಲ ಕೈಯಲ್ಲಿ ಮಾಡಿದರೆ ಪೇಜ್ ಲೆಕ್ಕ ಮತ್ತೆ ಮರೆಯಲ್ಲ.

ಆದರೆ ಸೊನ್ನೆ ಮೋಸ ಮಾಡುತ್ತೆ! ಅದನ್ನ ತಲೆಕೆಳಗೆ ಮಾಡಿದ್ರೂ ಸೊನ್ನೇನೇ. ಆಮೇಲೆ ‘ಕ’ ಹಾಕಿದಾಗ ಅದು ತಲೆಕೆಳಗಾಗಿ ಬಂದಾಗಲೇ ನಾನು ಬಿಟ್ ಕ್ರಮ ಉಲ್ಟಾ ಹಿಡಿದಿದ್ದು ಗೊತ್ತಾಗಿದ್ದು. ಹಾಗೇ, ಇಡೀ ಸಾಲು ಬರೆಯುವಾಗ 64ನೇ ಕಾಲಮ್‌ನಲ್ಲಿ ಚಿಪ್ ಬದಲಾಯಿಸಬೇಕು. ಮರೆತರೆ ಕಾಲಮ್ 63 ಆದಮೇಲೆ ಅದೇ ಅರ್ಧದ 0ಗೆ ವಾಪಸ್ ಬಂದು, ಅಕ್ಷರದ ಬಾಲ ಪರದೆಯ ಎಡತುದಿಯಲ್ಲಿ ಹೋಗಿ ಕೂರುತ್ತೆ.

ಒತ್ತಕ್ಷರದ ಲೆಕ್ಕ

ಈಗ ನಿಜವಾದ ಕನ್ನಡ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್ ತನಕ ಜಾಗ ಇದೆ. ಅಲ್ಲಿ ‘ಲ್ಲ’ ಅನ್ನೋ ಅಕ್ಷರ ಇಲ್ಲ. ಲ, ವಿರಾಮ, ಲ ಅಂತ ಮೂರು ಸಂಕೇತ ಇರುತ್ತೆ. ಎರಡನೇ ಲ ಕೆಳಗೆ ಹೋಗಿ ಒತ್ತಾಗಬೇಕು ಅನ್ನೋದು ಅಕ್ಷರ ಜೋಡಿಸುವ ತಂತ್ರಾಂಶದ ಕೆಲಸ. ‘ಕರ್ನಾಟಕ’ ತಗೊಳ್ಳಿ: ಒಳಗೆ ರ ಮೊದಲು, ನ ಆಮೇಲೆ. ಕಣ್ಣಿಗೆ ಕಾಣುವಾಗ ‘ನಾ’ ಮೊದಲು, ಅರ್ಕಾವೊತ್ತು ಆಮೇಲೆ. ಫೋನ್‌ನಲ್ಲಿ, ಲ್ಯಾಪ್‌ಟಾಪ್‌ನಲ್ಲಿ ಹಾರ್ಫ್‌ಬಝ್‌ನಂಥ ತಂತ್ರಾಂಶ ಇದನ್ನೆಲ್ಲ ಸದ್ದಿಲ್ಲದೆ ಮಾಡುತ್ತೆ. ಎಟಿಮೆಗಾ32ರಲ್ಲಿ ಇರೋದು 32 ಕಿಲೋಬೈಟ್ ಫ್ಲ್ಯಾಶ್, 2 ಕಿಲೋಬೈಟ್ ರ‍್ಯಾಮ್. ಅಲ್ಲಿ ಇದಕ್ಕೆ ಜಾಗ ಇಲ್ಲ.

ದಾರಿ ಸರಳ: ಜೋಡಿಸುವ ಕೆಲಸ ಲ್ಯಾಪ್‌ಟಾಪ್‌ನಲ್ಲೇ ಮುಗಿಸಿ, ಬರೀ ಚಿತ್ರ ಮಾತ್ರ ಚಿಪ್‌ಗೆ ಕಳಿಸೋದು. ಪೈಥಾನ್‌ನ ಪಿಲ್ಲೋ ಲೈಬ್ರರಿಯಿಂದ ಒಂದೊಂದು ವಾಕ್ಯವನ್ನೂ ಚಿತ್ರ ಮಾಡಿದೆ. ಮೊದಲ ಸಲ ‘ಇಲ್ಲ’ ಬದಲು ‘ಇಲ್‌ಲ’ ಅಂತ ಒಡೆದು ಬಂತು. ಪಿಲ್ಲೋಗೆ ರಾಕ್ಮ್ ಅನ್ನೋ ಜೊತೆ ಲೈಬ್ರರಿ ಇದ್ದರೆ ಮಾತ್ರ ಒತ್ತು ಸರಿಯಾಗಿ ಕೂರುತ್ತೆ. ಫಾಂಟ್ ನೋಟೊ ಸಾನ್ಸ್ ಕನ್ನಡ, ಅದರಲ್ಲೂ ಬೋಲ್ಡ್. ತೆಳು ಫಾಂಟ್ ಕಪ್ಪು-ಬಿಳುಪಿಗೆ ಇಳಿಸಿದಾಗ ಗೆರೆಗಳು ತುಂಡಾಗ್ತವೆ.

ಸಾಲಿಗೆ 24 ಚುಕ್ಕೆ ಎತ್ತರ ಇಟ್ಟೆ, ಅಂದ್ರೆ 3 ಪೇಜ್. ಹೆಚ್ಚುಕಮ್ಮಿ ಮೇಲಿನ ಎರಡು ಅಕ್ಷರಕ್ಕೆ, ಕೆಳಗಿನದು ಒತ್ತಿಗೆ. 16 ಚುಕ್ಕೆಯಲ್ಲೇ ಎಲ್ಲ ತುರುಕಿದರೆ ಒತ್ತು ಅಂದಾಜಲ್ಲಿ ಓದಬೇಕಾಗುತ್ತೆ. ಒಂದು ಸಾಲಿಗೆ 128×3, ಅಂದ್ರೆ 384 ಬೈಟ್. ಹನ್ನೆರಡು ಸಾಲಿಗೆ 4608 ಬೈಟ್. ಫ್ಲ್ಯಾಶ್‌ನಲ್ಲಿ ಇದು ಆರಾಮಾಗಿ ಹಿಡಿಸುತ್ತೆ. ರ‍್ಯಾಮ್‌ಗೆ ತರದೆ ಫ್ಲ್ಯಾಶ್‌ನಿಂದ ಒಂದೊಂದೇ ಬೈಟ್ ಓದಿ ನೇರ ಪರದೆಗೆ ಬರೆದೆ. 64ರಲ್ಲಿ ಎರಡು ಸಾಲಿಗೆ 48 ಹೋಯ್ತು, ಉಳಿದ 16ರಲ್ಲಿ ಮೂರೂ ಫೇಸ್‌ನ ವೋಲ್ಟೇಜ್.

ಯಾವ ಕನ್ನಡ?

ಪ್ರೋಗ್ರಾಂ ಮುಗಿದ ಮೇಲೆ ವಾಕ್ಯಗಳ ಪಟ್ಟಿಯನ್ನ ಅಪ್ಪನಿಗೆ ವಾಟ್ಸ್ಯಾಪ್ ಮಾಡಿದೆ. ‘ವಿದ್ಯುತ್ ಪೂರೈಕೆ ಲಭ್ಯವಿಲ್ಲ’, ‘ಜಲಮಟ್ಟ ಕುಸಿದಿದೆ’ ಅಂತೆಲ್ಲ ಬರೆದಿದ್ದೆ. ಅಪ್ಪ ಫೋನ್ ಮಾಡಿ ನಕ್ಕರು. "ಇದೇನು ಕೋರ್ಟ್ ನೋಟೀಸಾ? ‘ಕರೆಂಟಿಲ್ಲ’ ಅಂತ ಹಾಕು. ‘ಬೋರಲ್ಲಿ ನೀರಿಲ್ಲ’ ಅಂತ ಹಾಕು."

ಹಾಕಿ ನೋಡಿದೆ. ‘ವಿದ್ಯುತ್ ಪೂರೈಕೆ ಲಭ್ಯವಿಲ್ಲ’ 128 ಚುಕ್ಕೆ ಅಗಲದಲ್ಲಿ ಹಿಡಿಸ್ತಾನೇ ಇರಲಿಲ್ಲ, ‘ಕರೆಂಟಿಲ್ಲ’ ಹಾಕಿದ ಮೇಲೂ ಜಾಗ ಉಳೀತು. ನಾನು ಎರಡು ಸಂಜೆ ಫಾಂಟ್ ಚಿಕ್ಕದು ಮಾಡೋಕೆ ಒದ್ದಾಡಿದ್ದು ದಂಡ. ಕೊನೆಗೆ ಪಿಎಚ್ ಫೇಲ್ ಜಾಗದಲ್ಲಿ ಬಂದಿದ್ದು ಎರಡು ಸಾಲು: ‘ಒಂದು ಫೇಸ್ ಇಲ್ಲ’, ಅದರ ಕೆಳಗೆ ‘ಮೋಟಾರ್ ಹಾಕಬೇಡಿ’. ಎರಡನೇ ಸಾಲು ಅಪ್ಪನದೇ ಸಲಹೆ. "ಏನಾಗಿದೆ ಅಂತ ಹೇಳಿದ್ರೆ ಸಾಲದು, ಏನು ಮಾಡ್ಬೇಕು ಅಂತಲೂ ಹೇಳ್ಬೇಕು" ಅಂದ್ರು. ಯೂಸರ್ ಇಂಟರ್‌ಫೇಸ್ ಬಗ್ಗೆ ನಾನು ಕೇಳಿದ ಅತ್ಯುತ್ತಮ ಲೆಕ್ಚರ್ ಇದೇ.

ಪಂಪ್‌ಹೌಸ್‌ನಲ್ಲಿ

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಪರದೆ ಹಾಕಿದೆ. ದೊಡ್ಡ ವೋಲ್ಟೇಜ್ ಕಡೆಯ ಕೆಲಸವೆಲ್ಲ ನಮ್ಮೂರ ಎಲೆಕ್ಟ್ರೀಷಿಯನ್ ಮಾಡಿದ್ರು. ನೀವೂ ಹಾಗೇ ಮಾಡಿ, ಅಲ್ಲಿ ಪ್ರಯೋಗ ಬೇಡ. ಲ್ಯಾಬ್‌ನಲ್ಲಿ ಒಂದು ತಿಂಗಳು ಸರಿಯಾಗಿ ಓಡಿದ ಪರದೆ ಅಲ್ಲಿ ಮೊದಲ ಸಲ ಸ್ಟಾರ್ಟರ್ ಹಾಕಿದ ಕೂಡ್ಲೇ ಹುಚ್ಚು ಹಿಡಿದ ಹಾಗಾಯ್ತು. ಕಾಂಟ್ಯಾಕ್ಟರ್ ಬೀಳುವಾಗ ಏಳುವ ಎಲೆಕ್ಟ್ರಿಕಲ್ ನಾಯ್ಸ್ ಪರದೆಯ ಚಿಪ್‌ನ ದಿಕ್ಕು ತಪ್ಪಿಸ್ತಿತ್ತು. ಕೇಬಲ್ ಗಿಡ್ಡ ಮಾಡಿ, ಪರದೆಯ ಸಪ್ಲೈ ಪಿನ್ ಹತ್ತಿರ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಜೊತೆಗೆ ಎರಡು ಸೆಕೆಂಡಿಗೊಮ್ಮೆ ಸಿ0, 3ಎಫ್ ಮತ್ತೆ ಕಳಿಸಿ ಇಡೀ ಪರದೆ ಹೊಸದಾಗಿ ಬರೆಯುವ ಹಾಗೆ ಮಾಡಿದೆ. ಈಗ ಕೆಟ್ಟರೂ ಎರಡು ಸೆಕೆಂಡಿನಲ್ಲಿ ತಾನೇ ಸರಿಹೋಗುತ್ತೆ.

ನಾನು ವಾಪಸ್ ಬಂದ ಮೇಲೆ ಫೆಬ್ರವರಿಯಲ್ಲಿ ಒಂದಿನ ಬೆಳಗ್ಗೆ ಅಪ್ಪನಿಂದ ಒಂದು ಫೋಟೋ ಬಂತು. ಪರದೆ ಮೇಲೆ ‘ಒಂದು ಫೇಸ್ ಇಲ್ಲ, ಮೋಟಾರ್ ಹಾಕಬೇಡಿ’. ಕೆಳಗೆ ಅಪ್ಪನ ಮೆಸೇಜ್: "ಹಾಕಿಲ್ಲ."

ನಿಮ್ಮ ಮನೆಯಲ್ಲೂ ಇಂಗ್ಲಿಷ್ ತೋರಿಸುವ ಒಂದಾದ್ರೂ ಡಬ್ಬಿ, ಅದನ್ನ ಓದಲಾಗದ ಒಬ್ಬರಾದ್ರೂ ಇದ್ದೇ ಇರ್ತಾರೆ. ಅವರು ಕೇಳಿದಾಗ ನನ್ನ ಥರ ‘ಬರಲ್ಲ’ ಅಂದುಬಿಡಬೇಡಿ. ಒಂದು ಪರದೆ ತರಿಸಿ ಸೊನ್ನೆಯಿಂದ ಶುರು ಮಾಡಿ. ನನ್ನ ಪೈಥಾನ್ ಪ್ರೋಗ್ರಾಂ ಮತ್ತು ಹನ್ನೆರಡು ವಾಕ್ಯಗಳ ಬೈಟ್‌ಗಳು ಬೇಕಾದವರು ಸಂಘದ ಮುಂದಿನ ಮೀಟಿಂಗ್‌ನಲ್ಲಿ ಸಿಗಿ, ಕೊಡ್ತೀನಿ. ಪರದೆ ಮಾತ್ರ ನಿಮ್ಮದೇ ತನ್ನಿ.